ಲಿಸ್ಬನ್‌ಗೆ ಇನ್ನೊಂದು ದಿನ

ಬೆಹಾಲಾ, ಕೋಲ್ಕತ್ತಾ
22 ಜೂನ್ 2025

ಚಿ. ಸಿಂಧೂರಳಿಗೆ ಸೋದರಮಾವ ನಂಜುಂಡಪ್ಪ ಮಾಡುವ ಆಶೀರ್ವಾದಗಳು.

ನಿನ್ನ ಕಾಗದ ತಲುಪಿತು. ಹಾಸ್ಟೆಲಿನಲ್ಲಿ ಫೋನು ಮುಟ್ಟಗೊಡುವುದಿಲ್ಲ ಎಂದು ಕೊರಗಬೇಡ. ಫೋನಿನಲ್ಲಿ ಆಡಿದ್ದು ಗಾಳಿಗೆ ಹೋಗುತ್ತದೆ. ಕಾಗದ ಹಾಗಲ್ಲ, ಟ್ರಂಕಿನಲ್ಲಿ ಇಟ್ಟರೆ ಇಟ್ಟಲ್ಲೇ ಇರುತ್ತದೆ.

ಯುರೋಪಿನವರು ಮನೆಮಠ ಬಿಟ್ಟು ಸಮುದ್ರಕ್ಕೆ ಯಾಕೆ ಇಳಿದರು ಎಂದು ಒಂಬತ್ತನೇ ಕ್ಲಾಸಿನ ಪ್ರಾಜೆಕ್ಟಿಗೆ ಕೇಳಿದ್ದೀಯ. ಕೇಳಬೇಕಾದವನನ್ನೇ ಕೇಳಿದ್ದೀಯ. ನಿಮ್ಮ ಇಂದುಮತಿ ಮಿಸ್ ಪುಸ್ತಕ ನೋಡಿ ಹೇಳುತ್ತಾರೆ, ನಿನ್ನ ಮಾವ ಕಣ್ಣಲ್ಲಿ ನೋಡಿ ಹೇಳುತ್ತಾನೆ. ಖಿದಿರ್‌ಪುರದ ಹಡಗುಕಟ್ಟೆಯಲ್ಲಿ ಇಪ್ಪತ್ತಾರು ವರ್ಷ. ಓದಿದ್ದು ನಮ್ಮೂರ ಶಾಲೆಯಲ್ಲಿ ಏಳನೇ ಕ್ಲಾಸು, ಹತ್ತಿದ್ದು ನಲವತ್ತು ದೇಶದ ಹಡಗು. ನಾಗಮಂಗಲ ತಾಲ್ಲೂಕಿನಲ್ಲಿ ಅಷ್ಟು ಹಡಗು ಹತ್ತಿದ ಒಬ್ಬ ಬಿ.ಎ. ಪಾಸಾದವನನ್ನು ತೋರಿಸು, ಮೀಸೆ ಬೋಳಿಸುತ್ತೇನೆ.

ಬರೆದುಕೋ. ಮೊದಲು ಮೆಣಸು. ನಮ್ಮ ಕರಾವಳಿಯಲ್ಲಿ ಅದು ಬಳ್ಳಿಯಲ್ಲಿ ನೇತಾಡುತ್ತಿತ್ತು. ಅಲ್ಲಿಂದ ಅರಬರ ಕೈಗೆ, ಅವರಿಂದ ಈಜಿಪ್ಟಿಗೆ, ಅಲ್ಲಿಂದ ವೆನಿಸ್ ವ್ಯಾಪಾರಿಗೆ. ಒಂದೊಂದು ಕೈ ದಾಟಿದಾಗಲೂ ಬೆಲೆ ಒಂದೊಂದು ಗೇಣು ಬೆಳೆಯುತ್ತಿತ್ತು. ಪೋರ್ಚುಗಲ್ಲಿನವನ ತಟ್ಟೆಗೆ ಬೀಳುವ ಹೊತ್ತಿಗೆ ಅದು ಮೆಣಸಲ್ಲ, ಮುತ್ತು. ಇತ್ತ ತುರ್ಕರು ಕಾನ್‌ಸ್ಟಾಂಟಿನೋಪಲ್ ಹಿಡಿದು ದಾರಿಗೆ ಅಡ್ಡ ಕೂತರು. ಹಾಗಾದರೆ ನೀರಿನ ಮೇಲೆ ಸುತ್ತಿಕೊಂಡು ಹೋಗಿ ಬಳ್ಳಿಯ ಬುಡದಲ್ಲೇ ಕೈಯೊಡ್ಡೋಣ ಎಂದುಕೊಂಡರು. ಪೋರ್ಚುಗಲ್ಲಿನವನು ಹಡಗು ಕಟ್ಟಿದ ಮೇಲೆ ಪಕ್ಕದ ಸ್ಪೇನಿನವನು ಸುಮ್ಮನಿರುತ್ತಾನೆಯೆ? ನಿಮ್ಮ ಬೀದಿಯಲ್ಲಿ ಒಬ್ಬರು ತಾರಸಿ ಹಾಕಿಸಿದರೆ ಇನ್ನೊಬ್ಬರಿಗೆ ನಿದ್ದೆ ಬರುತ್ತದೆಯೆ? ತಮ್ಮ ದೇವರನ್ನು ಊರೂರಿಗೆ ಒಯ್ಯಬೇಕೆಂಬುದೂ ಇತ್ತು. ಅಪ್ಪನ ಜಮೀನೆಲ್ಲ ದೊಡ್ಡ ಮಗನಿಗೇ ಹೋಗುವ ಕಡೆ ಚಿಕ್ಕವರು ಏನು ಮಾಡಬೇಕು? ಅವರೂ ಹತ್ತಿದರು. ತಮಾಷೆ ನೋಡು, ಮೆಣಸು ಹುಡುಕಿಕೊಂಡು ಬಂದವರು ನಮಗೆ ಮೆಣಸಿನಕಾಯಿ ಕೊಟ್ಟುಹೋದರು. ಅದಿಲ್ಲದೆ ನಿಮ್ಮಮ್ಮನ ಬಸ್ಸಾರು ಎಲ್ಲಿತ್ತು?

ನಿಮ್ಮಮ್ಮ ತುಳಸಿಗೆ ಧೈರ್ಯ ಹೇಳು. ನಿಮ್ಮಪ್ಪ ಯಶವಂತ ಕೆಲಸಕ್ಕೆ ಸೇರಿದ ಹಡಗಿನಿಂದ ಕಾಣೆಯಾಗಿ ಮೂರೂವರೆ ವರ್ಷ ಕಳೆಯಿತು, ನಿಜ. ಆದರೆ ಕಾಣೆಯಾದವನು ಕಾಣಿಸಿಕೊಳ್ಳಲೇಬೇಕು. ಲಿಸ್ಬನ್ ಬಂದರಿನಲ್ಲಿ ಆ ಗೋವಾದ ಅಡುಗೆಯವನು ಅವನನ್ನು ನೋಡಿದ್ದಾಗಿ ನನ್ನೆದುರಿಗೇ ನಿಂತು ಹೇಳಿದ್ದಾನೆ. ಕಾಳಿಘಾಟಿನಲ್ಲಿ ಯಶವಂತನ ಹೆಸರಿಗೆ ಪ್ರತಿ ಶನಿವಾರ ದಾಸವಾಳದ ಹಾರ ಕೊಡಿಸುತ್ತಿದ್ದೇನೆ.

ನಿನ್ನ
ಮಾವ

•

ಬಾಲಕಿಯರ ವಸತಿ ಶಾಲೆ, ನಾಗಮಂಗಲ
6 ಜುಲೈ 2025

ಪ್ರೀತಿಯ ಮಾವ,

ನಿನ್ನ ಕಾಗದವನ್ನು ಮಿಸ್ ಕ್ಲಾಸಿನಲ್ಲಿ ಓದಿಸಿದರು. ತಾರಸಿಯ ಮಾತಿಗೆ ಎಲ್ಲರೂ ನಕ್ಕರು. ಹಿಂದಿನ ಬೆಂಚಿನವರೂ ಕಾರಣಗಳನ್ನು ಬರೆದುಕೊಂಡರು. ಮಿಸ್ ಹೇಳಿದರು, ನಿಮ್ಮ ಮಾವ ಲಿಸ್ಬನ್ ನೋಡಿದ್ದರೆ ಆ ಬಂದರು ಹೇಗಿದೆ ಎಂದು ಬರೆಸು, ಚಾರ್ಟಿನಲ್ಲಿ ಚಿತ್ರ ಬಿಡಿಸು, ಜಿಲ್ಲಾ ಮಟ್ಟಕ್ಕೆ ಕಳಿಸೋಣ ಅಂತ.

ಭಾನುವಾರ ಅಮ್ಮ ನೋಡಲು ಬಂದಿದ್ದಳು. ಮನೆಯಲ್ಲಿ ಮತ್ತೆ ಅದೇ ಮಾತು ಶುರುವಾಗಿದೆಯಂತೆ. ಈ ಸಲ ಹಿರಿಯರ ಹಬ್ಬ ಸೆಪ್ಟೆಂಬರ್ 21ಕ್ಕೆ. ತಾತನ ಎಲೆಯ ಪಕ್ಕ ಅಪ್ಪನಿಗೂ ಒಂದು ಎಡೆ ಹಾಕಬೇಕು ಎಂದು ತುಂಗಜ್ಜಿ ಹಟ ಹಿಡಿದಿದ್ದಾಳೆ. ಅಮ್ಮ ಒಪ್ಪುವುದಿಲ್ಲ. ಉಸಿರಾಡುವವನಿಗೆ ಎಡೆ ಹಾಕಿದರೆ ಅವನ ಆಯಸ್ಸು ತಿಂದಂತೆ ಅನ್ನುತ್ತಾಳೆ. "ನಮ್ಮಣ್ಣಯ್ಯ ಲಿಸ್ಬನ್ನಲ್ಲಿ ಕೇಳ್ಕಂಡು ಬಂದವ್ನೆ" ಅಂತ ಅಜ್ಜಿಯ ಬಾಯಿ ಮುಚ್ಚಿಸುತ್ತಾಳೆ. ಅಜ್ಜಿ ಬೈಯುವುದಿಲ್ಲ ಮಾವ. "ನನ್ನ ಮಗ ಇಲ್ದೆ ಹೋಗಿದ್ರೆ ಎಲ್ಲಾರ್ಗೂ ಎಲೆ ಇಟ್ಟು ಅವ್ನೊಬ್ಬನ್ನ ಹೊರಗೆ ನಿಲ್ಸಿದೀವಿ, ಮೂರು ವರ್ಸದಿಂದ ಹಸ್ಕಂಡವ್ನೆ" ಎಂದು ಗೋಡೆಯ ಕಡೆ ತಿರುಗಿ ಮಲಗುತ್ತಾಳೆ.

ಲಿಸ್ಬನ್ ಬಗ್ಗೆ ಚೆನ್ನಾಗಿ ಬರಿ. ಅಪ್ಪ ಕಾಣಿಸಿದ ಜಾಗವನ್ನು ನಾನು ಚಿತ್ರದಲ್ಲಿ ಕೆಂಪು ಚುಕ್ಕಿ ಇಟ್ಟು ತೋರಿಸುತ್ತೇನೆ.

ನಿನ್ನ
ಸಿಂಧೂರ

•

ಬೆಹಾಲಾ
20 ಜುಲೈ 2025

ಚಿ. ಸಿಂಧೂರಳಿಗೆ,

ಜಿಲ್ಲಾ ಮಟ್ಟ ಎಂದರೆ ಏನು ಮಹಾ, ರಾಜ್ಯ ಮಟ್ಟಕ್ಕೂ ಸಾಲುವಷ್ಟು ಬರೆಯುತ್ತೇನೆ.

ಲಿಸ್ಬನ್ ಬಂದರು ಅಂದರೆ ಸಾಮಾನ್ಯವಲ್ಲ. ಉದ್ದಕ್ಕೂ ಕಲ್ಲಿನ ಮೆಟ್ಟಿಲು, ಮೆಟ್ಟಿಲ ಮೇಲೆ ಸ್ನಾನ ಮಾಡುವ ಜನ. ದಡದಲ್ಲಿ ತೆಂಗಿನ ಮರ. ಬೆಳಗ್ಗೆ ಎದ್ದು ನಿಂತರೆ ಸಮುದ್ರದೊಳಗಿಂದ ಸೂರ್ಯ ತಾಮ್ರದ ಹಂಡೆಯ ಹಾಗೆ ಮೇಲೇಳುತ್ತಾನೆ, ಬಿಸಿನೀರು ಸುರಿದುಕೊಂಡೇ ಬಂದಂತೆ. ಬಂದರಿನ ಮುಖ್ಯಸ್ಥ ನನ್ನನ್ನು ಕಂಡು ಕುರ್ಚಿ ಹಾಕಿಸಿದ. ಕುರ್ಚಿಯ ಎಡಕ್ಕೆ ಹತ್ತು ಮಾರು ದೂರದಲ್ಲಿ ಆ ಗೋವಾದವನು ನಿಂತಿದ್ದ. "ನಿಮ್ಮ ಕಡೆಯವನೊಬ್ಬ, ಎತ್ತರದ ಆಳು, ಎಡಗೈಯಲ್ಲಿ ಸುಟ್ಟ ಕಲೆ, ಇಲ್ಲೇ ಯಂತ್ರ ರಿಪೇರಿ ಮಾಡಿಕೊಂಡಿದ್ದಾನೆ" ಅಂದ. ಆ ಕೈ ನಮ್ಮ ಯಶವಂತನದೇ. ಪಂಪ್‌ಸೆಟ್ ಬಿಚ್ಚುವಾಗ ಸುಟ್ಟುಕೊಂಡದ್ದು, ನಿಮ್ಮಮ್ಮನಿಗೆ ನೆನಪಿದೆ. ಚುಕ್ಕಿ ಅಲ್ಲೇ ಇಡು.

ಪ್ರಾಜೆಕ್ಟಿಗೆ ಇನ್ನೊಂದು ಕಾರಣ ಸೇರಿಸು. ಇದು ಪುಸ್ತಕದವರಿಗೆ ಹೊಳೆಯುವುದಿಲ್ಲ. ಮೆಣಸು, ದೇವರು, ರಾಜ ಎಲ್ಲ ಸರಿ. ಆದರೆ ಆ ಚಿಕ್ಕ ಮಗನನ್ನು ಹಾಸಿಗೆಯಿಂದ ಎಬ್ಬಿಸಿದವರು ಯಾರು? ಬಂದರಿನಲ್ಲಿ ಕೂತು ಕಥೆ ಹೇಳುವವರು. ಅಲ್ಲಿ ಚಿನ್ನದ ಮಾಡು, ಇಲ್ಲಿ ಹವಳದ ಗುಡ್ಡ ಎಂದು ಅವರು ಹೇಳಿದ್ದಕ್ಕೇ ಇವರು ಗಂಟು ಕಟ್ಟಿದ್ದು. ಕಥೆ ಹೇಳುವವನಿಲ್ಲದಿದ್ದರೆ ಒಂದು ಹಡಗೂ ದಡ ಬಿಡುತ್ತಿರಲಿಲ್ಲ. ಇದನ್ನು ದಪ್ಪ ಅಕ್ಷರದಲ್ಲಿ ಬರಿ, ಕೆಳಗೆ ನನ್ನ ಹೆಸರು ಹಾಕು.

ತುಂಗಮ್ಮನವರಿಗೆ ಹೇಳು, ಈ ವರ್ಷವೂ ಎಲೆ ಬೇಡ.

ಮಾವ

•

ನಾಗಮಂಗಲ
3 ಆಗಸ್ಟ್ 2025

ಪ್ರೀತಿಯ ಮಾವ,

ನೀನು ಬರೆದ ಹಾಗೆಯೇ ಚಿತ್ರ ಬಿಡಿಸಿದೆ. ಮಿಸ್ ಬಹಳ ಹೊತ್ತು ನೋಡಿದರು. ಆಮೇಲೆ ಸ್ಟಾಫ್ ರೂಮಿಗೆ ಕರೆದು ತಮ್ಮ ಫೋನಿನಲ್ಲಿ ಲಿಸ್ಬನ್ ಫೋಟೋ ತೋರಿಸಿದರು. ದಡದಲ್ಲಿ ತೆಂಗಿನ ಮರಗಳಿಲ್ಲ. ಸ್ನಾನ ಮಾಡುವವರೂ ಇಲ್ಲ. ಅಲ್ಲಿ ಸಮುದ್ರ ಪಡುವಣಕ್ಕಿದೆ ಮಾವ. ಸೂರ್ಯ ಅಲ್ಲಿ ಸಮುದ್ರದಲ್ಲಿ ಮುಳುಗುತ್ತಾನೆ, ಹುಟ್ಟುವುದಿಲ್ಲ. ಮಿಸ್ ನನ್ನನ್ನು ಬೈಯಲಿಲ್ಲ. "ಬೇರೆ ಊರು ನೆನಪಾಗಿರಬೇಕು ಬಿಡು" ಅಂದರು.

ನಿನ್ನ ಕಾರಣ ಮಾತ್ರ ಸರಿಯಿದೆಯಂತೆ. ಪೂರ್ವದಲ್ಲೆಲ್ಲೋ ಮಹಾ ಶ್ರೀಮಂತನಾದ ಒಬ್ಬ ಕ್ರೈಸ್ತ ರಾಜನಿದ್ದಾನೆ ಎಂದು ಯುರೋಪಿನವರು ನಂಬಿದ್ದರಂತೆ. ಅವನೇ ಬರೆದದ್ದು ಎಂದು ಒಂದು ಪತ್ರವೂ ಕೈಯಿಂದ ಕೈಗೆ ಓಡಾಡಿತಂತೆ. ಆ ರಾಜ ಇರಲೇ ಇಲ್ಲ. ಪತ್ರ ಯಾರೋ ಕೂತು ಬರೆದ ಸುಳ್ಳು. ಆದರೂ ಮುನ್ನೂರು ವರ್ಷ ಅವನನ್ನು ಹುಡುಕಿದರು.

ಇನ್ನೊಂದು ವಿಷಯ. ವಾಸ್ಕೋ ಡ ಗಾಮ ಮೊದಲ ಸಲ ಹೊರಟಾಗ ಜೊತೆಗಿದ್ದವರು ಸುಮಾರು ನೂರೆಪ್ಪತ್ತು, ಊರಿಗೆ ಮರಳಿದವರು ಅರವತ್ತೂ ಇರಲಿಲ್ಲವಂತೆ. ಉಳಿದವರ ಮನೆಗೆ ಹೋಗಿ ಯಾರು ಹೇಳಿದರು ಎಂದು ಕೇಳಿದೆ. ಅದು ಪುಸ್ತಕದಲ್ಲಿಲ್ಲ ಅಂದರು.

ಮಾವ, ಕೋಪ ಮಾಡಿಕೊಳ್ಳಬೇಡ. ನೀನು ಲಿಸ್ಬನ್‌ಗೆ ಹೋಗಿಯೇ ಇಲ್ಲದಿದ್ದರೆ, ಅಪ್ಪನನ್ನು ನೋಡಿದ್ದು ಯಾರು?

ಸಿಂಧೂರ

•

ಬೆಹಾಲಾ
14 ಆಗಸ್ಟ್ 2025

ಚಿ. ಸಿಂಧೂರ,

ಒಟ್ಟಿಗೆ ಮೂರು ಹಡಗು ಬಂದಿವೆ, ಉಸಿರಾಡಲು ಬಿಡುವಿಲ್ಲ. ಫೋಟೋದಲ್ಲಿ ಕಾಣುವುದೆಲ್ಲ ಊರಲ್ಲ ಎಂದು ನಿಮ್ಮ ಮಿಸ್‌ಗೆ ಹೇಳು. ನಮ್ಮ ಪಾಡಾದವರು, ಎಂದರೆ ಬೀದಿಯವರು, ದುರ್ಗಾಪೂಜೆಗೆ ಆಗಲೇ ಬಿದಿರು ಇಳಿಸಿದ್ದಾರೆ, ಕಮಿಟಿಯಲ್ಲಿ ನಾನಿಲ್ಲದೆ ಒಂದು ಗಳವೂ ನಿಲ್ಲುವುದಿಲ್ಲ. ಚೆನ್ನಾಗಿ ಓದು. ಹಾಲು ಕುಡಿ.

ಮಾವ

•

ನಾಗಮಂಗಲ
24 ಆಗಸ್ಟ್ 2025

ಮಾವನವರಿಗೆ,

ನಿಮ್ಮ ಕಾಗದ ಸಿಕ್ಕಿತು. ನಾನು ಅಮ್ಮನಿಗೆ ಏನೂ ಹೇಳಿಲ್ಲ. ಚಾರ್ಟಿನ ಕೆಂಪು ಚುಕ್ಕಿಯನ್ನು ಬ್ಲೇಡಿನಿಂದ ಕೆರೆದಿದ್ದೇನೆ, ಕಾಗದ ತೂತಾಗಿದೆ.

ದಸರಾ ರಜೆಗೆ ಸೆಪ್ಟೆಂಬರ್ 20ನೇ ತಾರೀಕು ಮನೆಗೆ ಹೋಗುತ್ತೇನೆ. ಮಾರನೆಯ ದಿನವೇ ಹಬ್ಬ. ಎಷ್ಟು ಎಲೆ ಕೊಯ್ಯಬೇಕು, ಒಂದೋ ಎರಡೋ, ಅಷ್ಟು ಮಾತ್ರ ತಿಳಿಸಿ.

ಸಿಂಧೂರ

•

ಬೆಹಾಲಾ
6 ಸೆಪ್ಟೆಂಬರ್ 2025

ಸಿಂಧೂರ,

ಎರಡು ಎಲೆ ಕೊಯ್ಯಿ.

ಈ ಒಂದು ಸಾಲು ಬರೆದು ಮೂರು ದಿನ ಕೂತಿದ್ದೆ. ನೀನು ತೊಟ್ಟಿಲಲ್ಲಿದ್ದಾಗಿನಿಂದ ನಾನು ನಿನ್ನ ಪಾಲಿಗೆ "ನೀನು". ಈ ಸಲದ ಕಾಗದದಲ್ಲಿ "ನೀವು" ಎಂದು ಬರೆದಿದ್ದೀಯ. ನಾಗಮಂಗಲದಿಂದ ಇಲ್ಲಿಗೆ ಎಷ್ಟು ದೂರ ಎಂದು ಇಪ್ಪತ್ತಾರು ವರ್ಷದಲ್ಲಿ ಮೊದಲ ಸಲ ಗೊತ್ತಾಯಿತು.

ನಾನು ಲಿಸ್ಬನ್ ನೋಡಿಲ್ಲ. ಯಾವ ದೇಶವನ್ನೂ ನೋಡಿಲ್ಲ. ಹಡಗುಗಳ ಅಡುಗೆಮನೆಗೆ ಈರುಳ್ಳಿ, ಆಲೂಗಡ್ಡೆ, ಅಕ್ಕಿ ಹೊತ್ತು ಹಾಕುವುದು ನನ್ನ ಕೆಲಸ. ನಲವತ್ತು ದೇಶದ ಹಡಗು ಹತ್ತಿದ್ದೇನೆ ಎಂಬುದು ಸುಳ್ಳಲ್ಲ. ಒಂದೂ ನನ್ನ ಕಾಲ ಕೆಳಗೆ ಕದಲಿಲ್ಲ. ಮೂಟೆ ಇಳಿಸಿದ ಕೂಡಲೇ ನನ್ನನ್ನೂ ಇಳಿಸುತ್ತಿದ್ದರು. ನಿನಗೆ ಬರೆದ ಮೆಟ್ಟಿಲು ಇಲ್ಲಿನ ಗಂಗೆಯ ಘಾಟಿನದು, ಸೂರ್ಯ ಪುರಿಯವನು, ಒಂದೇ ಸಲ ಹೋಗಿದ್ದೆ. ಪಕ್ಕದ ಮನೆಯ ಮಿಹಿರ್‌ದಾ ಹಡಗುಕಟ್ಟೆಯ ಆಫೀಸಿನಲ್ಲಿದ್ದು ನಿವೃತ್ತನಾದವನು. "ನಂಜುಂಡೋ ದಾದಾ, ನಿನ್ನ ಲಿಸ್ಬನ್‌ಗೆ ಬೆಹಾಲಾ ಚೌರಸ್ತಾದಿಂದ ಮಿನಿಬಸ್ಸಿದೆ" ಎಂದು ಮೊದಲಿನಿಂದಲೂ ಹಂಗಿಸುತ್ತಿದ್ದ. ಊರಿನಲ್ಲಿ ಹಂಗಿಸುವವರು ಯಾರೂ ಇರಲಿಲ್ಲ. ಊರಿಗೆ ಬಂದಾಗಲೆಲ್ಲ ನಿಮ್ಮ ಮನೆ ಜಗಲಿಯಲ್ಲಿ ಕೂತು ಹೇಳಿದ್ದೇ ಹೇಳಿದ್ದು. ಎಲ್ಲರೂ ನಗುತ್ತಿದ್ದರು. ನಿಮ್ಮಪ್ಪ ನಗುತ್ತಿರಲಿಲ್ಲ. ಕೈಯಲ್ಲಿನ ಸ್ಪ್ಯಾನರ್ ಕೆಳಗಿಟ್ಟು ಕೇಳುತ್ತಿದ್ದ.

ಅವನಿಗೆ ಊರಿನಲ್ಲಿ ಯಾವ ಕೊರತೆಯೂ ಇರಲಿಲ್ಲ ಮಗಳೇ. ಕೈತುಂಬ ಕೆಲಸವಿತ್ತು, ಹೆಂಡತಿ ಮಗಳ ಮೇಲೆ ಪ್ರಾಣವಿತ್ತು. ಯಾಕೆ ಹೊರಟ ಎಂದು ನಿಮ್ಮಮ್ಮ ಎಷ್ಟೋ ರಾತ್ರಿ ತನ್ನಲ್ಲೇ ತಪ್ಪು ಹುಡುಕಿಕೊಂಡಿದ್ದಾಳೆ. ತಪ್ಪು ಅವಳದಲ್ಲ. ಅವನಿಗೆ ಮೆಣಸೂ ಬೇಕಿರಲಿಲ್ಲ, ಚಿನ್ನವೂ ಬೇಕಿರಲಿಲ್ಲ. ಭಾವ ನೋಡಿದ್ದನ್ನು ತಾನೂ ನೋಡಬೇಕಿತ್ತು, ಅಷ್ಟೇ.

ಹಡಗು ಹತ್ತುವ ಮುಂಚೆ ಹದಿನಾಲ್ಕು ದಿನ ನನ್ನ ಜೊತೆ ಇದ್ದ. ಒಂದು ಸಂಜೆ ಸದರ್ನ್ ಅವೆನ್ಯೂ ಕಡೆ ಕೆರೆಗೆ ಕರೆದುಕೊಂಡು ಹೋದೆ. ಅಲ್ಲಿ ಹುಡುಗರು ದೋಣಿ ಹುಟ್ಟುಹಾಕುವುದನ್ನು ಕಲಿಯುತ್ತಾರೆ. "ಬನ್ನಿ ಭಾವ, ಒಂದು ಸುತ್ತು ಹೋಗ್ಬರೋಣ" ಅಂದ. ನಾನು ಎರಡು ಹೆಜ್ಜೆ ಹಿಂದೆ ಸರಿದೆ. ನೀರೆಂದರೆ ನನಗೆ ಭಯ, ಇದು ನಿಮ್ಮಮ್ಮನಿಗೂ ಗೊತ್ತಿಲ್ಲ. ಅವನು ನನ್ನ ಮುಖ ನೋಡಿ, "ಏನ್ ಭಾವ, ಹೆದ್ರಿಕೆನಾ?" ಅಂದ. ಬಾಯಿ ಬಿಡುವುದಕ್ಕೆ ದೇವರು ಕೊಟ್ಟ ಹೊತ್ತು ಅದು. ನಾನು ಹಡಗು ಕದಲಿದ್ದನ್ನೇ ಕಂಡವನಲ್ಲ, ಊರಿಗೆ ಹೋಗು ಮಾರಾಯ ಎಂದಿದ್ದರೆ ಮಾರನೆಯ ದಿನ ರೈಲು ಹತ್ತುತ್ತಿದ್ದ. ನಾನು ಏನಂದೆ ಗೊತ್ತೆ? "ಏಳು ಸಮುದ್ರ ನೋಡ್ದೋನಿಗೆ ಈ ಕೆರೆ ಯಾವ ಮೂಲೆಗೋ" ಅಂದೆ. ನಕ್ಕುಬಿಟ್ಟ. ಒಬ್ಬನೇ ದೋಣಿ ಹತ್ತಿ ಸುತ್ತಿ ಬಂದ.

ಸುದ್ದಿ ತಿಳಿಸಬೇಕಾದ ವಿಳಾಸ ಎಂದು ಅವನ ಫಾರಂನಲ್ಲಿ ನನ್ನದೇ ಬರೆಸಿದ್ದೆ. ಅದೂ ದೊಡ್ಡಸ್ತಿಕೆಗೆ. ಅದಕ್ಕೇ ಹಡಗಿನ ಆಫೀಸಿನ ಕಾಗದಗಳು ನನಗೇ ಬಂದವು. ಕಾಣೆಯಾಗಿದ್ದಾನೆ ಎಂಬ ಮೊದಲನೆಯದನ್ನು ನಿಮಗೆ ತಿಳಿಸಿದೆ. ವರ್ಷದ ಮೇಲೆ ಎರಡನೆಯದು ಬಂತು, ತೀರಿಕೊಂಡ ತಾರೀಕು ಹಾಕಿಕೊಂಡು. ಮಿಹಿರ್‌ದಾ ಅದನ್ನು ಎರಡು ಸಲ ಓದಿ, ಕನ್ನಡಕ ತೆಗೆದು ಮಡಿಲಲ್ಲಿ ಇಟ್ಟುಕೊಂಡ. ಅದು ಇಷ್ಟು ದಿನ ನನ್ನ ಟ್ರಂಕಿನಲ್ಲಿತ್ತು.

ಗೋವಾದ ಅಡುಗೆಯವನು ಇದ್ದಾನೆ, ಅವನು ಸುಳ್ಳಲ್ಲ. ಆದರೆ ಸಿಕ್ಕಿದ್ದು ಲಿಸ್ಬನ್ನಿನಲ್ಲಲ್ಲ, ಇಲ್ಲೇ ಖಿದಿರ್‌ಪುರದಲ್ಲಿ. ಯಶವಂತನಿದ್ದ ಹಡಗಿನಲ್ಲೇ ಇದ್ದವನು, ಬೇರೆ ಹಡಗಿನಲ್ಲಿ ಬಂದಿದ್ದ. ನಾನು ಈರುಳ್ಳಿ ಮೂಟೆ ಇಳಿಸುತ್ತಿದ್ದೆ, ನನ್ನ ಹೆಸರು ಕೇಳಿ ಪಕ್ಕಕ್ಕೆ ಕರೆದ. ಜನವರಿ ತಿಂಗಳು, ಹಡಗು ದೊಡ್ಡ ಸಮುದ್ರಕ್ಕೆ ಇಳಿದ ಮೇಲೆ ಗಾಳಿ ಎದ್ದಿತ್ತಂತೆ. ಲಿಸ್ಬನ್‌ಗೆ ಇನ್ನೊಂದು ದಿನದ ದಾರಿ. ಹಗ್ಗ ಬಿಗಿಯಲು ಮೂವರನ್ನು ಮೇಲೆ ಕಳಿಸಿದರಂತೆ, ಕೆಲಸ ಮುಗಿಸಿ ಇಬ್ಬರು ಕೆಳಗೆ ಬಂದರಂತೆ. ಯಶವಂತ "ಒಂದ್ನಿಮಿಷ, ದಡ ಕಾಣುತ್ತಾ ನೋಡ್ಕಂಡು ಬತ್ತೀನಿ" ಎಂದು ಅಲ್ಲೇ ನಿಂತನಂತೆ. ನಮ್ಮ ಭಾವ ನೋಡಿದ ಊರು, ಮೊದಲು ನನಗೇ ಕಾಣಬೇಕು ಎಂದು ನಾಲ್ಕು ದಿನದಿಂದ ಹೇಳುತ್ತಿದ್ದನಂತೆ. ಒಂದು ಅಲೆ. ಎರಡು ದಿನ ಅದೇ ನೀರಿನಲ್ಲಿ ಸುತ್ತಿ ಹುಡುಕಿದರಂತೆ.

ಆವತ್ತು ನಿಜ ಹೇಳಬೇಕೆಂದೇ ನಿಮ್ಮಮ್ಮನಿಗೆ ಫೋನು ಮಾಡಿದೆ. ನಾನು ಮಾತಾಡುವ ಮುಂಚೆಯೇ ಅವಳು, "ಅಣ್ಣಯ್ಯ, ಒಳ್ಳೆ ಸುದ್ದೀನಾ?" ಅಂದಳು. ಇಷ್ಟು ವರ್ಷ ಸುಳ್ಳಾಡಿ ಪಳಗಿದ ಬಾಯಿ, "ಹೂಂ" ಅಂದುಬಿಟ್ಟಿತು. ಆ ಒಂದು ಹೂಂ ನಿಲ್ಲಿಸಿಕೊಳ್ಳಲು ಲಿಸ್ಬನ್ ಕಟ್ಟಿದೆ, ತೆಂಗಿನ ಮರ ನೆಟ್ಟೆ, ಕುರ್ಚಿ ಹಾಕಿಸಿಕೊಂಡೆ.

ಕಳೆದ ವರ್ಷ ಮಹಾಲಯದ ಬೆಳಗ್ಗೆ ಇಲ್ಲಿ ಊರಿಗೆ ಊರೇ ಗಂಗೆಗೆ ಇಳಿದಿತ್ತು. ನಾನೂ ಮೊಣಕಾಲುದ್ದ ನೀರಿಗೆ ಇಳಿದೆ, ಅವನಿಗೆ ತರ್ಪಣ ಬಿಡೋಣ ಎಂದು. ಪುರೋಹಿತ ಹೆಸರು ಕೇಳಿದ. ಅವನ ಹೆಸರು ನಾಲಿಗೆಗೆ ಬರಲಿಲ್ಲ, ಹೇಳಿದರೆ ನಿಜವಾಗಿಬಿಡುತ್ತದಲ್ಲ. ನಂಜುಂಡಪ್ಪ ಅಂದೆ. ಅವನು ಮಂತ್ರ ಹೇಳಿದ, ನಾನು ನನಗೇ ಎಳ್ಳುನೀರು ಬಿಟ್ಟುಕೊಂಡು ಬಂದೆ. ಮಿಹಿರ್‌ದಾಗೆ ಹೇಳಿದರೆ ನಗುತ್ತಾನೆ ಅಂದುಕೊಂಡೆ. ನಗಲಿಲ್ಲ.

ಉಳಿದವರ ಮನೆಗೆ ಯಾರು ಹೇಳಿದರು ಎಂದು ಕೇಳಿದ್ದೆಯಲ್ಲ. ಯಾರೂ ಹೇಳಿರಲಿಕ್ಕಿಲ್ಲ. ಪ್ರತಿ ಬಂದರಿನಲ್ಲೂ ನನ್ನಂಥವನೊಬ್ಬ ಇದ್ದಿರಬೇಕು. ಕಾರಣಗಳ ಕೆಳಗೆ ನನ್ನ ಹೆಸರು ಹಾಕು ಎಂದಿದ್ದೆ. ಹಾಕು.

ಈ ಕಾಗದವನ್ನು ನೀನೇ ಓದಿ ಹೇಳಬೇಡ, ಅಮ್ಮನ ಕೈಗೆ ಕೊಡು. ನಿನ್ನ ವಯಸ್ಸಿನ ಕೆಲಸವಲ್ಲ ಅದು. ಆಫೀಸಿನ ಕಾಗದವನ್ನೂ ಇದರೊಳಗೆ ಇಟ್ಟಿದ್ದೇನೆ.

ಎಡೆಗೆ ಅವನಿಗೆ ಇಷ್ಟವಾದದ್ದೆಲ್ಲ ನಿಮ್ಮಮ್ಮನಿಗೆ ಗೊತ್ತು. ಒಂದು ಮಾತ್ರ ಗೊತ್ತಿಲ್ಲ. ಕೊನೆಯ ಆ ಹದಿನಾಲ್ಕು ದಿನ ಸಂಜೆಯಾದರೆ ಝಾಲ್‌ಮುರಿಗೆ ಓಡುತ್ತಿದ್ದ. ಕಡಲೆಪುರಿಗೆ ಈರುಳ್ಳಿ, ಹಸಿಮೆಣಸಿನಕಾಯಿ, ಎರಡು ಚಮಚ ಸಾಸಿವೆ ಎಣ್ಣೆ, ಕಾಗದದ ಪೊಟ್ಟಣದಲ್ಲಿ. ಊರಿಗೆ ಹೋದ ಮೇಲೆ ತುಳಸಿಗೆ ಮಾಡಿ ತಿನ್ನಿಸ್ತೀನಿ, ಮೂಗು ಮುಚ್ಕತಾಳೆ ನೋಡಿ ಅನ್ನುತ್ತಿದ್ದ. ಸಾಧ್ಯವಾದರೆ ಇಡಿ.

ನಂಜುಂಡಪ್ಪ

•

ಮನೆಯಿಂದ
23 ಸೆಪ್ಟೆಂಬರ್ 2025

ಮಾವನವರಿಗೆ,

ಕಾಗದವನ್ನು ಅಮ್ಮನ ಕೈಗೇ ಕೊಟ್ಟೆ. ಶನಿವಾರ ಮಧ್ಯಾಹ್ನ ಹಿತ್ತಿಲಲ್ಲಿ ಕೂತು ಓದಿದಳು. ಆಫೀಸಿನ ಇಂಗ್ಲಿಷ್ ಕಾಗದವನ್ನು ಮಾತ್ರ ನನ್ನಿಂದ ಓದಿಸಿದಳು. ತಾರೀಕು ಇರುವ ಸಾಲನ್ನು ಇನ್ನೊಂದು ಸಲ ಓದು ಅಂದಳು. ಆಮೇಲೆ ಒಲೆ ಹಚ್ಚಿ ಮಸಾಲೆ ಹುರಿದಳು. ಅಳುತ್ತಾಳೆ ಎಂದು ನಾನು ಹಿಂದೆ ಹಿಂದೆಯೇ ಓಡಾಡಿದೆ. ಅಳಲಿಲ್ಲ.

ಪ್ರಾಜೆಕ್ಟಿಗೆ ಹತ್ತಕ್ಕೆ ಒಂಬತ್ತು ಬಂದಿದೆ. ನಿಮ್ಮ ಕಾರಣವನ್ನು ಕೊನೆಯಲ್ಲಿ ಬರೆದೆ. ಕೆಳಗೆ ನಿಮ್ಮ ಹೆಸರು ಹಾಕಲಿಲ್ಲ. ಅಪ್ಪನ ಹೆಸರು ಹಾಕಿದೆ.

ನಿಮ್ಮ ಬಗ್ಗೆ ಅಮ್ಮ ಒಂದೇ ಮಾತು ಹೇಳಿದಳು. "ಸದ್ಯಕ್ಕೆ ಫೋನ್ ಮಾಡ್ಬೇಡ ಅಂತ ಬರಿ. ಅಣ್ಣಯ್ಯನ ದನಿ ಕೇಳಿದ್ರೆ ಮತ್ತೆ ನಂಬ್ಬಿಡ್ತೀನಿ."

ಎರಡು ಎಲೆ ಹಾಕಿದೆವು. ತಾತನ ಎಲೆಗೆ ಎಂದಿನಂತೆ ಎಲೆಯಡಿಕೆ, ಬೀಡಿ. ಅಪ್ಪನ ಎಲೆಗೆ ಹೊಸ ಶರ್ಟು, ಮುದ್ದೆ, ಕೋಳಿ ಸಾರು, ಅವರ ಸ್ಪ್ಯಾನರು. ಅಡುಗೆಗೆ ಸಾಸಿವೆ ಎಣ್ಣೆ ಇಲ್ಲಿ ಸಿಗಲಿಲ್ಲ, ಮೈಗೆ ಹಚ್ಚುವುದೇ ಸಿಕ್ಕಿತು. ಅಮ್ಮ ಕಡಲೆಪುರಿಗೆ ಎಣ್ಣೆ ಬಿಟ್ಟು ಕಲಸಿದಳು. ವಾಸನೆಗೆ ಸೆರಗಿನಿಂದ ಮೂಗು ಮುಚ್ಚಿಕೊಂಡಳು. ಆಗ ಅತ್ತಳು.

ದೀಪ ಹಚ್ಚಿ, ಧೂಪ ಹಾಕಿ, ಹಿರಿಯರು ಬಂದು ಉಣ್ಣಲಿ ಎಂದು ಬಾಗಿಲು ಎಳೆದುಕೊಂಡು ಮೂವರೂ ಜಗಲಿಗೆ ಬಂದೆವು. ಸ್ವಲ್ಪ ಹೊತ್ತು ಬಿಟ್ಟು ಮೂರು ಸಲ ತಟ್ಟಿ ಒಳಗೆ ಹೋಗಬೇಕಲ್ಲ, ಪ್ರತಿ ವರ್ಷ ಅದು ಅಜ್ಜಿಯ ಕೆಲಸ. ಅಜ್ಜಿ ಎದ್ದು, ಕೆಮ್ಮಿ, ಕೈ ಎತ್ತಿದಳು. ಅಮ್ಮ ಆ ಕೈ ಹಿಡಿದುಕೊಂಡಳು.

"ಇರಿ ಅತ್ತೆ. ಮೂರು ವರ್ಸದಿಂದ ಉಂಡಿಲ್ಲ. ನಿಧಾನಕ್ಕುಣ್ಲಿ."

ಸಿಂಧೂರ